ಮುಂದೂಡಿದ ವಿಶ್ವಕಪ್ ಮತ್ತು ಗೋದಾಮಿನಲ್ಲಿ ಉಳಿದ ಸರಕು

ವಾಣಿಜ್ಯ ಮಂಡಳಿಯ ಮಾಸಪತ್ರಿಕೆಯಲ್ಲಿ ಬಾಲಕಿಯರ ಫುಟ್‌ಬಾಲ್ ವಿಷಯವನ್ನು ಕಂಡು ಓದುಗರಲ್ಲಿ ಕೆಲವರು ಪುಟ ತಿರುವಿ ಹಾಕಬಹುದು. ತೆರಿಗೆ, ಲೆಕ್ಕಪತ್ರ, ಕಾಯಿದೆಗಳ ಕುರಿತೇ ಬರೆಯುತ್ತ ಬಂದಿರುವ ಈ ಲೇಖಕನಿಗೆ ಕ್ರೀಡಾಂಗಣದಲ್ಲೇನು ಕೆಲಸ ಎಂಬ ಪ್ರಶ್ನೆಯೂ ಸಹಜವೇ. ಆದರೆ 2022ರ ಅಕ್ಟೋಬರ್ ತಿಂಗಳಲ್ಲಿ ನಮ್ಮ ದೇಶದಲ್ಲಿ ನಡೆದ 17 ವರ್ಷದೊಳಗಿನ ಮಹಿಳೆಯರ ಫಿಫಾ ವಿಶ್ವಕಪ್ ಪಂದ್ಯಾವಳಿಯ ಕಡತವೊಂದು ಎರಡು ವರ್ಷಗಳಿಗೂ ಹೆಚ್ಚು ಕಾಲ ನನ್ನ ಮೇಜಿನ ಮೇಲಿತ್ತು. ಆಟ ನಡೆದದ್ದು ಭುವನೇಶ್ವರ, ಗೋವಾ ಮತ್ತು ನವಿ ಮುಂಬೈಗಳಲ್ಲಿ. ಕಡತ ಮಾತ್ರ ನಮ್ಮ ಕೈಗಾರಿಕಾ ವಸಾಹತಿನ ಬಟ್ಟೆ ಚೀಲ ತಯಾರಕರೊಬ್ಬರದು. ಆ ಕಡತದ ನೆಪದಲ್ಲಿ, ನಿಗದಿಯಾದ ದಿನಾಂಕವೊಂದು ಜಾರಿದಾಗ ನಷ್ಟ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪಂದ್ಯಾವಳಿ ಭಾರತಕ್ಕೆ ಬಂದ ಬಗೆ

17 ವರ್ಷದೊಳಗಿನ ಬಾಲಕಿಯರಿಗಾಗಿ ಫಿಫಾ ಸಂಸ್ಥೆಯು ಮೊದಲ ವಿಶ್ವಕಪ್ ನಡೆಸಿದ್ದು 2008ರಲ್ಲಿ, ನ್ಯೂಜಿಲೆಂಡ್‌ನಲ್ಲಿ. ಎರಡು ವರ್ಷಗಳಿಗೊಮ್ಮೆ ಟ್ರಿನಿಡಾಡ್, ಅಜರ್‌ಬೈಜಾನ್, ಕೋಸ್ಟರಿಕಾ, ಜೋರ್ಡಾನ್, ಉರುಗ್ವೆ ಹೀಗೆ ಸಾಗಿತು. ಪುರುಷರ ವಿಶ್ವಕಪ್ಪನ್ನು ಎಂದೂ ನಡೆಸಿರದ ಸಣ್ಣ ದೇಶಗಳ ಹೆಸರೇ ಈ ಪಟ್ಟಿಯಲ್ಲಿ ಹೆಚ್ಚು ಎಂಬುದನ್ನು ಗಮನಿಸಬೇಕು. ದೊಡ್ಡ ಬಂಡವಾಳವಿಲ್ಲದೆಯೂ ಹೊರಬಹುದಾದ ಅಂತಾರಾಷ್ಟ್ರೀಯ ಹೊಣೆ ಇದು.

2017ರಲ್ಲಿ ಬಾಲಕರ ವಿಶ್ವಕಪ್ ಭಾರತದಲ್ಲಿ ನಡೆದಾಗ ಕ್ರೀಡಾಂಗಣಗಳಿಗೆ ಬಂದವರ ಸಂಖ್ಯೆ 13 ಲಕ್ಷ 47 ಸಾವಿರವನ್ನು ದಾಟಿ ದಾಖಲೆಯಾಗಿತ್ತು. ಆ ವಿಶ್ವಾಸದ ಮೇಲೆ 2019ರ ಮಾರ್ಚ್ ತಿಂಗಳಲ್ಲಿ ಫಿಫಾ ಮಂಡಳಿಯು ಬಾಲಕಿಯರ 2020ರ ಪಂದ್ಯಾವಳಿಯನ್ನೂ ಭಾರತಕ್ಕೇ ಒಪ್ಪಿಸಿತು. 2020ರ ನವೆಂಬರ್ 2ರಿಂದ 21ರವರೆಗೆ ಎಂದು ದಿನಾಂಕ ನಿಗದಿಯಾಯಿತು. ಅಹಮದಾಬಾದ್, ಭುವನೇಶ್ವರ, ಗುವಾಹಟಿ, ಕೋಲ್ಕತ್ತ, ನವಿ ಮುಂಬೈ ಎಂದು ಐದು ಸ್ಥಳಗಳು ಘೋಷಿತವಾದವು. ಸ್ವೀಡನ್ ದೇಶದ ತೋಮಸ್ ಡೆನ್ನರ್ಬಿ ಅವರನ್ನು ತರಬೇತುದಾರರನ್ನಾಗಿ ಕರೆಸಿ, 2019ರ ಡಿಸೆಂಬರ್‌ನಲ್ಲಿಯೇ ಮುಂಬೈಯಲ್ಲಿ ಸ್ವೀಡನ್ ಮತ್ತು ಥಾಯ್ಲೆಂಡ್ ತಂಡಗಳೊಡನೆ ಅಭ್ಯಾಸದ ಪಂದ್ಯಾವಳಿಯನ್ನೂ ಏರ್ಪಡಿಸಲಾಯಿತು. ಆತಿಥೇಯ ರಾಷ್ಟ್ರಕ್ಕೆ ಅರ್ಹತಾ ಸುತ್ತಿಲ್ಲದೆ ನೇರ ಪ್ರವೇಶ. ಆದುದರಿಂದ ಬಾಲಕಿಯರ ಫುಟ್‌ಬಾಲ್‌ನಲ್ಲಿ ಭಾರತ ವಿಶ್ವಕಪ್ ಅಂಗಳಕ್ಕೆ ಇಳಿಯುವುದು ಅದೇ ಮೊದಲಾಗುವುದಿತ್ತು.

ನಮ್ಮ ಚೀಲ ತಯಾರಕರು ಕಥೆಯೊಳಗೆ ಬರುವುದು ಇಲ್ಲಿ. 2020ರ ಜನವರಿಯಲ್ಲಿ ಹೊರರಾಜ್ಯದ ಸಮಾರಂಭ ನಿರ್ವಹಣಾ ಸಂಸ್ಥೆಯೊಂದು ಸ್ವಯಂಸೇವಕರಿಗೆ ಹಂಚಲು ಕೆಲವು ಸಾವಿರ ದಪ್ಪ ಬಟ್ಟೆಯ ಚೀಲಗಳಿಗೆ ಅವರಿಗೆ ಖರೀದಿ ಆದೇಶ ಕೊಟ್ಟಿತು. ಲಾಂಛನದ ವಿನ್ಯಾಸವನ್ನೂ ಪಂದ್ಯಾವಳಿಯ ದಿನಾಂಕವನ್ನೂ ಆ ಸಂಸ್ಥೆಯೇ ಕಳುಹಿಸಿತ್ತು. ನೂರಕ್ಕೆ ಇಪ್ಪತ್ತರಷ್ಟು ಮುಂಗಡ ಬಂದಿತ್ತು. ಆದೇಶ ಒಂದೂವರೆ ಪುಟದ್ದು. ದರ, ಬಟ್ಟೆಯ ತೂಕ, ಬಣ್ಣ, ಸಾಗಣೆಯ ವೆಚ್ಚ ಯಾರದು ಎಂಬುದೆಲ್ಲ ಇತ್ತು. ಪಂದ್ಯಾವಳಿ ನಡೆಯದಿದ್ದರೆ ಏನು ಎಂಬ ಒಂದು ಸಾಲು ಇರಲಿಲ್ಲ. ನಡೆಯದಿರಬಹುದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ ಎಂಬುದು ಅವರ ಸಮರ್ಥನೆ. ಅದೂ ಸುಳ್ಳಲ್ಲ.

ದಿನಾಂಕ ಜಾರಿದ ಕ್ರಮ

ಮಾರ್ಚ್ ತಿಂಗಳ ಕೊನೆಗೆ ಲಾಕ್‌ಡೌನ್ ಬಂದಿತು. ಏಪ್ರಿಲ್ ಆರಂಭದಲ್ಲಿ ಫಿಫಾ ಪಂದ್ಯಾವಳಿಯನ್ನು ಮುಂದೂಡಿತು. ಮೇ ತಿಂಗಳಲ್ಲಿ 2021ರ ಫೆಬ್ರುವರಿ 17ರಿಂದ ಮಾರ್ಚ್ 7 ಎಂಬ ಹೊಸ ದಿನಾಂಕ ಪ್ರಕಟವಾಯಿತು. ಅರ್ಹತಾ ಪಂದ್ಯಗಳೇ ನಡೆಯದ ಖಂಡಗಳು ಹಲವು ಉಳಿದವು. ಕೊನೆಗೆ 2020ರ ನವೆಂಬರ್ 17ರಂದು ಆ ಸಾಲಿನ ಪಂದ್ಯಾವಳಿಯನ್ನೇ ರದ್ದುಪಡಿಸಿ, 2022ರ ಆತಿಥ್ಯವನ್ನು ಭಾರತಕ್ಕೆ ಕೊಡಲಾಯಿತು. ಪತ್ರಿಕೆಗಳಲ್ಲಿ ಇದು ‘ಮುಂದೂಡಿಕೆ’ ಎಂದೇ ಪ್ರಚಾರವಾಯಿತು. ಒಂದು ಆತಿಥ್ಯ ಹೋಗಿ ಇನ್ನೊಂದು ಬಂತು, ದೇಶಕ್ಕೆ ನಷ್ಟವಿಲ್ಲ ಎಂದು ಸಮಾಧಾನ ಹೇಳಿದವರೂ ಇದ್ದರು.

ಲೆಕ್ಕಿಗನ ದೃಷ್ಟಿಯಲ್ಲಿ ಅದು ಮುಂದೂಡಿಕೆಯಲ್ಲ. 2020ರ ಪಂದ್ಯಾವಳಿಗೆ ಅರ್ಹರಾದವರು 2003ರ ಜನವರಿ 1ರ ನಂತರ, 2005ರ ಡಿಸೆಂಬರ್ 31ರೊಳಗೆ ಜನಿಸಿದವರು. 2021ಕ್ಕೆ ಮುಂದೆ ಹಾಕಿದಾಗ ಫಿಫಾ ಈ ವಯೋಮಿತಿಯನ್ನು ಬದಲಿಸದೆ ಉಳಿಸಿಕೊಂಡು ಆ ಬಾಲಕಿಯರಿಗೆ ನ್ಯಾಯ ಒದಗಿಸಿತ್ತು. 2022ರ ಪಂದ್ಯಾವಳಿಗಾದರೋ 2005ರ ಜನವರಿ 1ರ ನಂತರ ಜನಿಸಿದವರು ಮಾತ್ರ ಅರ್ಹರು. ಅಂದರೆ 2005ರಲ್ಲಿ ಹುಟ್ಟಿದವರು ಎರಡೂ ಪಟ್ಟಿಗಳಲ್ಲಿ ಬಂದರು. 2003 ಮತ್ತು 2004ರಲ್ಲಿ ಹುಟ್ಟಿ, ಎರಡು ವರ್ಷ ಶಿಬಿರಗಳಲ್ಲಿ ಬೆವರು ಸುರಿಸಿದವರು ಒಂದೇ ಒಂದು ಅಧಿಕೃತ ಪಂದ್ಯವನ್ನೂ ಆಡದೆ ಹೊರಗುಳಿದರು. ಅವರಿಗೆ ಆ ಮಟ್ಟದಲ್ಲಿ ಎರಡನೆಯ ಅವಕಾಶವೆಂಬುದು ಇರಲೇ ಇಲ್ಲ. ಮಕ್ಕಳನ್ನು ಸರಕಿಗೆ ಹೋಲಿಸುವುದು ಸಲ್ಲದು. ಆದರೂ ಅವಧಿ ಮುಗಿಯುವ ಮಾಲನ್ನು ಮಾರುವ ನಮ್ಮ ವರ್ತಕ ಬಾಂಧವರಿಗೆ ಈ ನೋವಿನ ಸ್ವರೂಪ ಬೇರೆಯವರಿಗಿಂತ ಬೇಗ ಅರ್ಥವಾದೀತು. ಕ್ಯಾಲೆಂಡರ್ ಮುಂದೆ ಹೋದರೆ ಸ್ಥಾವರ ಆಸ್ತಿಗೆ ಬಾಧೆಯಿಲ್ಲ. ಕ್ರೀಡಾಂಗಣ ನಿಂತಲ್ಲಿಯೇ ನಿಂತಿರುತ್ತದೆ. ವಯಸ್ಸು ನಿಲ್ಲುವುದಿಲ್ಲ, ದಿನಾಂಕ ಮುದ್ರಿಸಿದ ಚೀಲವೂ ಅಷ್ಟೆ.

ಪಾತ್ರಧಾರಿಗಳ ಆಯ್ಕೆಯಲ್ಲಿಯೂ ಹಳೆಯ ಬಾಕಿ ಮುಂದಕ್ಕೆ ಬಂದಿತು. ಏಷ್ಯಾದ ಹೊಸ ಅರ್ಹತಾ ಪಂದ್ಯಗಳನ್ನು ನಡೆಸಲಾಗದೆ 2019ರ ಫಲಿತಾಂಶವನ್ನೇ ಆಧಾರವಾಗಿಸಿ ಜಪಾನ್ ಮತ್ತು ಉತ್ತರ ಕೊರಿಯಾಗಳಿಗೆ ಸ್ಥಾನ ಕೊಡಲಾಯಿತು. ಉತ್ತರ ಕೊರಿಯಾ ಹಿಂದೆ ಸರಿದ ಮೇಲೆ ಚೀನಾ ಬಂದಿತು. ಹಿಂದಿನ ವರ್ಷದ ಆರಂಭ ಶಿಲ್ಕನ್ನು ಎಣಿಸದೆ ಎತ್ತಿ ಬರೆದಂತೆ.

ದಾಸ್ತಾನಿನ ಬೆಲೆ ಎಷ್ಟು?

2020ರ ಮಾರ್ಚ್ 31ರ ಲೆಕ್ಕ ಮುಗಿಸಲು ಕುಳಿತಾಗ ನಮ್ಮ ಚೀಲ ತಯಾರಕರ ಗೋದಾಮಿನಲ್ಲಿ ಅರ್ಧದಷ್ಟು ಚೀಲಗಳು ಮುದ್ರಣವಾಗಿ ಕಟ್ಟು ಹಾಕಿಕೊಂಡಿದ್ದವು. ಉಳಿದವು ಹೊಲಿದಿದ್ದವು, ಮುದ್ರಣವಾಗಿರಲಿಲ್ಲ. ಎಲ್ಲವನ್ನೂ ತಯಾರಿಕೆಯ ವೆಚ್ಚದಲ್ಲಿಯೇ ತೋರಿಸಬೇಕೆಂಬುದು ಅವರ ಆಗ್ರಹ. ಬ್ಯಾಂಕಿನಲ್ಲಿ ದಾಸ್ತಾನಿನ ಮೇಲೆ ಓವರ್‌ಡ್ರಾಫ್ಟ್ ಇತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನಿನ ಬೆಲೆ ವೆಚ್ಚ ಅಥವಾ ಮಾರಿದರೆ ನಿವ್ವಳವಾಗಿ ಕೈಗೆ ಬರಬಹುದಾದ ಮೊತ್ತ, ಈ ಎರಡರಲ್ಲಿ ಯಾವುದು ಕಡಿಮೆಯೋ ಅದು. ಮುಂದೂಡಿಕೆಯ ಸುದ್ದಿ ಬಂದದ್ದು ಏಪ್ರಿಲ್‌ನಲ್ಲಿ. ಮಾರ್ಚ್ 31ರ ಅಢಾವೆಗೆ ಅದು ಸಂಬಂಧಪಡುವುದಿಲ್ಲ ಎಂದು ಅವರು ವಾದಿಸಿದರು. ವಾದ ಮೇಲ್ನೋಟಕ್ಕೆ ಸರಿಯೆಂದು ತೋರುತ್ತದೆ. ಆದರೆ ಅಢಾವೆ ದಿನಾಂಕದ ನಂತರದ ಘಟನೆಗಳನ್ನು ಕುರಿತ ಮಾನಕ 4 ಕೇಳುವ ಪ್ರಶ್ನೆ ಬೇರೆ: ಘಟನೆ ನಂತರದ್ದಾದರೂ, ಆ ದಿನವೇ ಇದ್ದ ಪರಿಸ್ಥಿತಿಗೆ ಅದು ಸಾಕ್ಷ್ಯ ಒದಗಿಸುತ್ತದೆಯೇ? ಮಾರ್ಚ್ 31ರಂದು ಇಡೀ ದೇಶ ಬಾಗಿಲು ಹಾಕಿಕೊಂಡಿತ್ತು. ‘ನವೆಂಬರ್ 2020’ ಎಂದು ಮುದ್ರಿಸಿದ ಚೀಲದ ಭವಿಷ್ಯ ಆ ದಿನವೇ ಅನುಮಾನದಲ್ಲಿತ್ತು. ಮುದ್ರಿತ ಚೀಲಗಳ ಬೆಲೆಯನ್ನು ಇಳಿಸಿಯೇ ಬರೆದೆವು. ಅವರಿಗೆ ನನ್ನ ಮೇಲೆ ಕೋಪ ಬಂದಿತು. “ಆಡಿಟರ್ ಸಾಹೇಬ್ರೇ, ಮಾಲು ನಂದು, ತಾರೀಖು ಅವರದು. ತಾರೀಖು ತಪ್ಪಿದ್ದಕ್ಕೆ ನನ್ನ ಪುಸ್ತಕದಾಗ ಯಾಕ ನಷ್ಟ ಬರೀತೀರಿ?” ಎಂದರು. ಇಡೀ ಪ್ರಕರಣವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಲು ನನ್ನಿಂದಾಗದು.

ಅವರ ಪ್ರಶ್ನೆಗೆ ಉತ್ತರ 1872ರ ಭಾರತೀಯ ಕರಾರು ಕಾಯಿದೆಯಲ್ಲಿದೆ. ಕಲಂ 32ರಂತೆ, ಮುಂದೊಂದು ಘಟನೆ ನಡೆದರೆ ಮಾತ್ರ ಎಂಬ ಷರತ್ತಿನ ಕರಾರು ಆ ಘಟನೆ ಅಸಾಧ್ಯವಾದರೆ ಶೂನ್ಯವಾಗುತ್ತದೆ. ಕಲಂ 56ರಂತೆ, ಕರಾರಾದ ಮೇಲೆ ಅದರ ಪಾಲನೆ ಅಸಾಧ್ಯವಾದರೂ ಹಾಗೆಯೇ. ಚೀಲ ಹೊಲಿಯುವುದು ಅಸಾಧ್ಯವಾಗಿರಲಿಲ್ಲ, ಕಳುಹಿಸುವುದೂ ಅಸಾಧ್ಯವಾಗಿರಲಿಲ್ಲ. ಪಂದ್ಯಾವಳಿ ಮಾತ್ರ ಇರಲಿಲ್ಲ. ಆದೇಶದಲ್ಲಿ ಪಂದ್ಯಾವಳಿ ಷರತ್ತಾಗಿತ್ತೇ ಅಥವಾ ಬರಿಯ ಹಿನ್ನೆಲೆಯಾಗಿತ್ತೇ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ವಕೀಲರು ಎರಡೂ ಕಡೆ ಗಂಟೆಗಟ್ಟಲೆ ವಾದಿಸಬಲ್ಲರು. ಇದರ ನಡುವೆ ಆ ಸಂಸ್ಥೆಯವರು ಕಲಂ 65ನ್ನು ಮುಂದಿಟ್ಟು ಮುಂಗಡವನ್ನೇ ಹಿಂದಿರುಗಿಸಬೇಕೆಂದು ಪತ್ರ ಬರೆದರು! ಶೂನ್ಯವಾದ ಕರಾರಿನಿಂದ ಪಡೆದ ಲಾಭವನ್ನು ಪಡೆದವನು ಹಿಂದಿರುಗಿಸಬೇಕು ಎನ್ನುತ್ತದೆ ಆ ಕಲಂ.

ಸಣ್ಣ ಉದ್ದಿಮೆಗಳ 2006ರ ಕಾಯಿದೆಯ ರಕ್ಷಣೆ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. ಕಲಂ 15ರಂತೆ ಒಪ್ಪಿದ ಗಡುವು ಏನೇ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ಕಲಂ 16ರಂತೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಆ ದಿನಗಳ ಎಣಿಕೆ ಆರಂಭವಾಗುವುದು ಮಾಲು ಸ್ವೀಕೃತವಾದ ದಿನದಿಂದ ಅಥವಾ ಸ್ವೀಕೃತವೆಂದು ಭಾವಿಸಲಾಗುವ ದಿನದಿಂದ. ಗೋದಾಮಿನಲ್ಲಿಯೇ ಉಳಿದ ಮಾಲಿಗೆ ಆ ಗಡಿಯಾರ ಓಡುವುದೇ ಇಲ್ಲ. ಈ ಒಂದು ಸೂಕ್ಷ್ಮವನ್ನು ನಮ್ಮ ಸದಸ್ಯರಲ್ಲಿ ಬಹಳ ಮಂದಿ ಗಮನಿಸಿಲ್ಲ.

ಕೊನೆಗೆ ಒಂದು ರಾಜಿಯಾಯಿತು. ಮುಂಗಡವನ್ನು ಅವರು ಕೇಳುವುದಿಲ್ಲ, ಉಳಿದ ಹಣವನ್ನು ಇವರು ಕೇಳುವುದಿಲ್ಲ. ಗೆದ್ದವರು ಯಾರೆಂದು ಹೇಳುವುದು ಕಷ್ಟ. ಇಬ್ಬರೂ ನ್ಯಾಯಾಲಯದ ಶುಲ್ಕ ಉಳಿಸಿಕೊಂಡರು.

ಚಿಹ್ನೆ ಯಾರ ಸ್ವತ್ತು?

ಚೀಲಗಳು ಇವರ ಬಳಿಯೇ ಉಳಿದವಲ್ಲ, ಸಂತೆಯಲ್ಲಿ ಮಾರಿಬಿಡಬಹುದಿತ್ತಲ್ಲವೇ? ಹಾಗೆ ಮಾಡಲು ಅವರು ಹೊರಟಿದ್ದರು ಕೂಡ. ತಡೆದದ್ದು ನಾನು. ಪಂದ್ಯಾವಳಿಯ ಲಾಂಛನ, ಟ್ರೋಫಿಯ ಆಕೃತಿ, ನಂತರ 2021ರಲ್ಲಿ ಬಿಡುಗಡೆಯಾದ ‘ಇಭಾ’ ಎಂಬ ಸಿಂಹಿಣಿಯ ಶುಭಂಕರ ಇವೆಲ್ಲ ಫಿಫಾದ ಸ್ವತ್ತು. ಪರವಾನಗಿಯಿಲ್ಲದೆ ಅವುಗಳನ್ನು ಹೊತ್ತ ಸರಕನ್ನು ಮಾರಿದರೆ 1999ರ ಟ್ರೇಡ್ ಮಾರ್ಕ್ ಕಾಯಿದೆಯ ಕಲಂ 103 ಮತ್ತು 104 ಅನ್ವಯವಾಗುವ ಅಪಾಯವಿದೆ: ಆರು ತಿಂಗಳಿಗೆ ಕಡಿಮೆಯಿಲ್ಲದೆ ಮೂರು ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ. ಸ್ವಯಂಸೇವಕರಿಗೆ ಹಂಚಲು ಕೊಟ್ಟ ಅನುಮತಿ ಬಜಾರಿನಲ್ಲಿ ಮಾರಲು ಕೊಟ್ಟ ಅನುಮತಿಯಲ್ಲ.

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ‘ವಿಶ್ವಕಪ್’ ಎಂಬ ಪದವನ್ನು ಬಳಸಿದ ಮಾತ್ರಕ್ಕೆ ತಪ್ಪಾಗುವುದಿಲ್ಲ ಎಂಬುದಕ್ಕೆ ದೆಹಲಿ ಉಚ್ಚ ನ್ಯಾಯಾಲಯದ 2003ರ ತೀರ್ಪೊಂದು ಪ್ರಸಿದ್ಧವಾಗಿದೆ. ದೀಪಾವಳಿಯ ಕೊಡುಗೆಯಾಗಿ ಕ್ರಿಕೆಟ್ ವಿಶ್ವಕಪ್‌ನ ಟಿಕೆಟ್ ಕೊಡುವುದಾಗಿ ಜಾಹೀರಾತು ನೀಡಿದ ಆರ್ವೀ ಎಂಟರ್‌ಪ್ರೈಸಸ್ ಎಂಬ ವ್ಯಾಪಾರ ಸಂಸ್ಥೆಯ ಮೇಲೆ ಐಸಿಸಿಯ ಅಂಗಸಂಸ್ಥೆಯು ದಾವೆ ಹೂಡಿತ್ತು. ಲಾಂಛನವನ್ನು ಬಳಸಿರದ ಆ ಜಾಹೀರಾತಿನ ಮೇಲೆ ತಡೆಯಾಜ್ಞೆ ನೀಡಲು ನ್ಯಾಯಾಲಯ ನಿರಾಕರಿಸಿತು. ಹಾಗಾಗಿ ಅಂಗಡಿಯ ಮುಂದೆ ‘ಫುಟ್‌ಬಾಲ್ ಹಬ್ಬದ ರಿಯಾಯಿತಿ’ ಎಂದು ಫಲಕ ಹಾಕುವುದಕ್ಕೂ ಲಾಂಛನವನ್ನು ಅಂಟಿಸುವುದಕ್ಕೂ ನಡುವೆ ಗೆರೆಯಿದೆ. ಗೆರೆ ಎಲ್ಲಿದೆ ಎಂದು ತಮ್ಮ ವಕೀಲರನ್ನು ಕೇಳಿಯೇ ಮುಂದುವರಿಯುವುದು ಕ್ಷೇಮ. ಸನ್ನದು ಲೆಕ್ಕಪರಿಶೋಧಕನ ಮಾತನ್ನು ಇಷ್ಟಕ್ಕೇ ನಂಬಬಾರದು.

ನಮ್ಮ ತಯಾರಕರು ಮುದ್ರಿತ ಚೀಲಗಳನ್ನು ಒಳಮೈ ಹೊರಗಾಗಿ ತಿರುಗಿಸಿ, ಲಾಂಛನದ ಭಾಗಕ್ಕೆ ಒಳಗಿನಿಂದ ಇನ್ನೊಂದು ಪದರ ಬಟ್ಟೆ ಹೊಲಿಸಿ, ಕಿರಾಣಿ ಅಂಗಡಿಗಳಿಗೆ ಕೊಟ್ಟರು. ಪ್ಲಾಸ್ಟಿಕ್ ಚೀಲಗಳ ಮೇಲೆ ನಿಷೇಧ ಇದ್ದುದರಿಂದ ಗಿರಾಕಿಗಳು ಸಿಕ್ಕರು. ಹೊಲಿಗೆಯ ಕೂಲಿ ಕಳೆದರೆ ಉಳಿದದ್ದು ಅತ್ಯಲ್ಪ.

ಸರ್ಕಾರದ ಪಾಲು, ತೆರಿಗೆಯ ಮಾತು

ಕ್ರೀಡಾಕೂಟದ ಆತಿಥ್ಯವೆಂದರೆ ಬಹುಮಟ್ಟಿಗೆ ಖಾತರಿಗಳ ಕಟ್ಟು. ಫಿಫಾ ಕೇಳುವ ಖಾತರಿಪತ್ರಗಳಿಗೆ ಸಹಿ ಹಾಕಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಸೆಪ್ಟೆಂಬರ್ ತಿಂಗಳಲ್ಲಿ, ಪಂದ್ಯಾವಳಿಗೆ ತಿಂಗಳೊಪ್ಪತ್ತು ಇರುವಾಗ. ಮೈದಾನದ ನಿರ್ವಹಣೆ, ವಿದ್ಯುತ್, ಕೇಬಲ್, ಕ್ರೀಡಾಂಗಣದ ಅಲಂಕಾರ ಮುಂತಾದವಕ್ಕೆ ಹತ್ತು ಕೋಟಿ ರೂಪಾಯಿ ನೆರವೂ ಮಂಜೂರಾಯಿತು. ಒಟ್ಟು 32 ಪಂದ್ಯಗಳು. ಭಾಗಿಸಿದರೆ ಪಂದ್ಯವೊಂದಕ್ಕೆ 31 ಲಕ್ಷ 25 ಸಾವಿರ. ರಾಜ್ಯ ಸರ್ಕಾರಗಳ ಖರ್ಚು ಇದಕ್ಕೆ ಹೊರತು. ಖಾತರಿ ಎಂಬುದು ಖರ್ಚಲ್ಲ, ಆದರೆ ಖರ್ಚಾಗಬಹುದಾದದ್ದು. ನಮ್ಮ ಭಾಷೆಯಲ್ಲಿ ಸಂಭಾವ್ಯ ಹೊಣೆ. ಅಢಾವೆಯ ಅಂಕಣದೊಳಗೆ ಬಾರದೆ ಕೆಳಗಿನ ಟಿಪ್ಪಣಿಯಲ್ಲಿ ಕುಳಿತಿರುವ ಈ ಅತಿಥಿಯನ್ನು ಸಾಲ ಕೊಡುವ ಬ್ಯಾಂಕಿನವರು ಮೊದಲು ಹುಡುಕುತ್ತಾರೆ.

ಜಿಎಸ್‌ಟಿಯ ವಿಷಯದಲ್ಲಿ ವಿನಾಯಿತಿ ಮೊದಲೇ ಸಿಕ್ಕಿತ್ತು. 2019ರ ಸೆಪ್ಟೆಂಬರ್ 20ರಂದು ಸೇರಿದ ಜಿಎಸ್‌ಟಿ ಮಂಡಳಿಯ 37ನೆಯ ಸಭೆ ಈ ಪಂದ್ಯಾವಳಿಗಾಗಿ ಫಿಫಾಕ್ಕೂ ನಿರ್ದಿಷ್ಟ ವ್ಯಕ್ತಿಗಳಿಗೂ ಒದಗಿಸುವ ಸರಕು ಮತ್ತು ಸೇವೆಗಳಿಗೆ ವಿನಾಯಿತಿಯನ್ನು ಶಿಫಾರಸು ಮಾಡಿತು. ಸಭೆ ನಡೆದದ್ದು ಗೋವಾದಲ್ಲಿ. ಮೂರು ವರ್ಷದ ಬಳಿಕ ಪಂದ್ಯಗಳೂ ಅಲ್ಲಿಗೆ ಬಂದದ್ದು ಕಾಕತಾಳೀಯ. ಅದೇ ತಿಂಗಳ ಕೊನೆಯಲ್ಲಿ ಸೇವೆಗಳ ವಿನಾಯಿತಿಯ ಅಧಿಸೂಚನೆ ಹೊರಬಿದ್ದಿತು. ಪ್ರೇಕ್ಷಕರ ಪ್ರವೇಶ ಶುಲ್ಕಕ್ಕೂ ತೆರಿಗೆ ಇರಲಿಲ್ಲ. ಫಿಫಾಕ್ಕೆ ಸೇವೆ ಒದಗಿಸಿದವರಿಗೆ ಮಾತ್ರ ಒಂದು ಷರತ್ತು: ಆ ಸೇವೆ ಪಂದ್ಯಾವಳಿಗೆ ಸಂಬಂಧಿಸಿದ್ದೆಂದು ಕೇಂದ್ರ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯದ ನಿರ್ದೇಶಕರು ಪ್ರಮಾಣೀಕರಿಸಬೇಕು.

ಇಲ್ಲಿ ಎರಡು ಎಡವುಗಲ್ಲುಗಳಿವೆ. ವಿನಾಯಿತಿ ಸಿಗುವುದು ಅಧಿಸೂಚನೆಯಲ್ಲಿ ಹೆಸರಿಸಿದವರಿಗೆ ನೇರವಾಗಿ ಒದಗಿಸಿದರೆ. ನಡುವೆ ನಿರ್ವಹಣಾ ಸಂಸ್ಥೆಯೊಂದಿದ್ದು, ಅದಕ್ಕೆ ನಾವು ಬಿಲ್ಲು ಮಾಡಿದರೆ, ಮಾಲು ಕೊನೆಗೆ ಕ್ರೀಡಾಂಗಣಕ್ಕೇ ಹೋಯಿತೆಂಬ ಕಾರಣಕ್ಕೆ ತೆರಿಗೆ ಬಿಡಲಾಗದು. ಎರಡನೆಯದು ಇನ್ನೂ ಸೂಕ್ಷ್ಮ. ವಿನಾಯಿತಿ ಬೇರೆ, ರಫ್ತಿಗಿರುವಂತಹ ಶೂನ್ಯ ದರ ಬೇರೆ. ವಿನಾಯಿತಿ ಪಡೆದ ಪೂರೈಕೆಗೆ ಬಳಸಿದ ಬಟ್ಟೆ, ದಾರ, ಶಾಯಿಗಳ ಮೇಲೆ ಕಟ್ಟಿದ ಹೂಡುವಳಿ ತೆರಿಗೆಯ ಜಮೆಯನ್ನು ಕಲಂ 17 ಮತ್ತು ನಿಯಮ 42ರಂತೆ ಆ ಪ್ರಮಾಣಕ್ಕೆ ವಾಪಸು ಮಾಡಬೇಕು. ಅಂದರೆ ತೆರಿಗೆ ಮಾಯವಾಗುವುದಿಲ್ಲ, ತಯಾರಕನ ವೆಚ್ಚದೊಳಗೆ ಸೇರಿಕೊಳ್ಳುತ್ತದೆ. ದರ ನಮೂದಿಸುವಾಗ ಇದನ್ನು ಮರೆತರೆ ಲಾಭದ ಅಂಚು ಅಲ್ಲಿಯೇ ಕರಗುತ್ತದೆ.

ಹನ್ನೊಂದು ದಿನದ ಆತಂಕ

ಇನ್ನೇನು ಎಲ್ಲ ಸರಿಹೋಯಿತು ಎನ್ನುವಾಗ 2022ರ ಆಗಸ್ಟ್ ಬಂದಿತು. ಅವಧಿ ಮುಗಿದರೂ ಚುನಾವಣೆ ನಡೆಸದೆ ಮುಂದುವರಿದಿದ್ದ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತವನ್ನು ಸರ್ವೋಚ್ಚ ನ್ಯಾಯಾಲಯವು ಆ ವರ್ಷದ ಮೇ ತಿಂಗಳಲ್ಲಿ ಆಡಳಿತಗಾರರ ಸಮಿತಿಯೊಂದಕ್ಕೆ ಒಪ್ಪಿಸಿತ್ತು. ಹೊರಗಿನವರ ಹಸ್ತಕ್ಷೇಪವೆಂದು ಇದನ್ನು ಪರಿಗಣಿಸಿದ ಫಿಫಾ, ಸ್ವಾತಂತ್ರ್ಯ ದಿನಾಚರಣೆಯ ಬಾವುಟ ಇಳಿಯುವಷ್ಟರಲ್ಲಿ ಫೆಡರೇಷನ್ನನ್ನೇ ಅಮಾನತುಗೊಳಿಸಿತು. ಪಂದ್ಯಾವಳಿ ಸದ್ಯಕ್ಕೆ ಭಾರತದಲ್ಲಿ ನಡೆಯಲಾಗದು ಎಂದೂ ಹೇಳಿತು. ಮೊದಲ ಪಂದ್ಯಕ್ಕೆ ಎಂಟು ವಾರ ಉಳಿದಿತ್ತು.

ಆ ವೇಳೆಗೆ ಹೋಟೆಲು, ಬಸ್ಸು, ಊಟ, ಭದ್ರತೆ, ಬಟ್ಟೆ ತೊಳೆಯುವಿಕೆ ಎಂದು ಮೂರು ನಗರಗಳಲ್ಲಿ ಒಪ್ಪಂದ ಮಾಡಿಕೊಂಡವರ ಮನಃಸ್ಥಿತಿಯನ್ನು ಊಹಿಸಿಕೊಳ್ಳಬಹುದು. 2020ರಲ್ಲಿ ದೂರಲು ರೋಗವಿತ್ತು. ಈ ಸಲ ಅಪಾಯ ಬಂದದ್ದು ಆಡಳಿತದ ಲೋಪದಿಂದ, ಸಕಾಲದಲ್ಲಿ ನಡೆಯದ ಒಂದು ಚುನಾವಣೆಯಿಂದ. ಕರಾರುಗಳಲ್ಲಿ ನಾವು ಬರೆಯುವ ‘ದೈವಾಧೀನ ಸಂಭವ’ದ ವ್ಯಾಖ್ಯೆಯೊಳಗೆ ಇದು ಬರುವುದೇ ಎಂದು ಆ ವಾರ ಎಷ್ಟು ಮಂದಿ ತಮ್ಮ ಕಾಗದ ತೆಗೆದು ನೋಡಿರಬಹುದು! ಸರ್ವೋಚ್ಚ ನ್ಯಾಯಾಲಯ ಆಗಸ್ಟ್ 22ರಂದು ಸಮಿತಿಯ ಅಧಿಕಾರವನ್ನು ಮುಕ್ತಾಯಗೊಳಿಸಿತು. 26ರಂದು ಅಮಾನತು ತೆರವಾಯಿತು. ಸೆಪ್ಟೆಂಬರ್ 2ರ ಚುನಾವಣೆಯಲ್ಲಿ ಕಲ್ಯಾಣ್ ಚೌಬೆ ಅಧ್ಯಕ್ಷರಾದರು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಶಾಸಕ ಎನ್.ಎ. ಹ್ಯಾರಿಸ್ ಉಪಾಧ್ಯಕ್ಷರಾಗಿ ಆಯ್ಕೆಯಾದರು.

ಅದೇ ವರ್ಷದ ಜನವರಿಯಲ್ಲಿ ಇನ್ನೊಂದು ಕಹಿ ಅನುಭವವೂ ಆಗಿತ್ತು. ನವಿ ಮುಂಬೈಯಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯುತ್ತಿದ್ದಾಗ ಆತಿಥೇಯ ತಂಡದಲ್ಲಿಯೇ ಕೋವಿಡ್ ಹರಡಿ, ಆಡಲು ಆಟಗಾರ್ತಿಯರು ಸಾಲದೆ ಭಾರತ ಹೊರಬೀಳಬೇಕಾಯಿತು. ಪಂದ್ಯಾವಳಿ ಮುಂದುವರಿಯಿತು, ಮನೆಯವರಿಲ್ಲದ ಮದುವೆಯ ಹಾಗೆ.

ಆಟ ನಡೆದದ್ದು

ಕೊನೆಗೂ ಅಕ್ಟೋಬರ್ 11ರಂದು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಭಾರತ ಅಮೆರಿಕವನ್ನು ಎದುರಿಸಿತು. ಫಲಿತಾಂಶ 0-8. ಮೂರು ದಿನಗಳ ನಂತರ ಮೊದಲ ಬಾರಿಗೆ ಈ ವಿಶ್ವಕಪ್‌ಗೆ ಬಂದಿದ್ದ ಮೊರಾಕ್ಕೊದ ಎದುರು 0-3. 17ರಂದು ಬ್ರೆಜಿಲ್ ಎದುರು 0-5. ಹದಿನಾರು ಗೋಲು ಖರ್ಚು, ಜಮೆ ಸೊನ್ನೆ.

ಪತ್ರಿಕೆಗಳಲ್ಲಿ ಲೇವಡಿಯೂ ಬಂದಿತು. ಆ ತಂಡದ ನಾಯಕಿ ಅಸ್ತಮ್ ಒರಾಂವ್ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳು ವಿಶ್ವಕಪ್ ಆಡುವ ಹೊತ್ತಿಗೆ ಅವಳ ಗೌರವಾರ್ಥ ಮನೆಯವರೆಗೆ ರಸ್ತೆ ಮಾಡಿಸಲು ಜಿಲ್ಲಾಡಳಿತ ಮುಂದಾಯಿತು. ಆ ರಸ್ತೆಯ ಕೆಲಸದಲ್ಲಿ ದಿನಗೂಲಿಗೆ ಮಣ್ಣು ಹೊರುತ್ತಿದ್ದವರು ಅವಳ ತಂದೆ ತಾಯಿಯೇ ಎಂದೂ ದಿನಕ್ಕೆ ಸಿಗುತ್ತಿದ್ದ ಕೂಲಿ 250 ರೂಪಾಯಿ ಎಂದೂ ಆಗ ವರದಿಯಾಗಿತ್ತು. ಪಂದ್ಯವೊಂದಕ್ಕೆ 31 ಲಕ್ಷ ಎಂದು ಮೇಲೆ ಲೆಕ್ಕ ಹಾಕಿದ ಕೈಯಲ್ಲಿಯೇ ಈ ಅಂಕಿಯನ್ನೂ ಬರೆಯಬೇಕಾಯಿತು. ಇವೆರಡನ್ನೂ ಒಂದೇ ಖಾತೆಯಲ್ಲಿ ತರುವ ಲೆಕ್ಕಪದ್ಧತಿ ನನಗೆ ತಿಳಿದಿಲ್ಲ. ಅಮೆರಿಕದ ಹುಡುಗಿಯರು ಶಾಲೆಯಿಂದಲೇ ಕ್ಲಬ್ಬುಗಳಲ್ಲಿ ವರ್ಷವಿಡೀ ಸ್ಪರ್ಧಿಸುತ್ತ ಬೆಳೆದವರು. ನಮ್ಮವರಿಗೆ ಶಿಬಿರವಿತ್ತು, ಪಂದ್ಯಗಳು ವಿರಳವಾಗಿದ್ದವು. ಪಾಠ ಹೇಳಿಸಿಕೊಂಡವನಿಗೂ ಅಂಗಡಿಯಲ್ಲಿ ಕುಳಿತವನಿಗೂ ಇರುವ ವ್ಯತ್ಯಾಸ ಅದು.

ಉಳಿದ ತಂಡಗಳ ಕಥೆ ಸೊಗಸಾಗಿತ್ತು. ಮೊದಲ ಸಲ ಬಂದ ತಾಂಜಾನಿಯಾ, ಗೋವಾದಲ್ಲಿ ಹಿಂದೊಮ್ಮೆ ಪ್ರಶಸ್ತಿ ಗೆದ್ದಿದ್ದ ಫ್ರಾನ್ಸನ್ನು 2-1ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿತು. ಅಕ್ಟೋಬರ್ 30ರಂದು ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಸ್ಪೇನ್ 1-0ರಿಂದ ಕೊಲಂಬಿಯಾವನ್ನು ಸೋಲಿಸಿತು. ನಿರ್ಣಾಯಕ ಗೋಲು ಬಂದದ್ದು 82ನೆಯ ನಿಮಿಷದಲ್ಲಿ, ಕೊಲಂಬಿಯಾ ಆಟಗಾರ್ತಿಯೇ ತನ್ನ ಗೋಲಿಗೆ ಹೊಡೆದುಕೊಂಡ ಚೆಂಡಿನಿಂದ. ನೈಜೀರಿಯಾ ಮೂರನೆಯ ಸ್ಥಾನ ಪಡೆಯಿತು.

ಒಮ್ಮೆಯ ಆರ್ಡರು, ಐದು ವರ್ಷದ ಆರ್ಡರು

ಆನಂತರ ಈ ಪಂದ್ಯಾವಳಿಯ ವ್ಯಾಪಾರದ ಸ್ವರೂಪವೇ ಬದಲಾಗಿದೆ. 2024ರ ಡೊಮಿನಿಕನ್ ಗಣರಾಜ್ಯದ ಪಂದ್ಯಾವಳಿಯ ನಂತರದ ಸಾಲಿನಿಂದ ಇದನ್ನು ಪ್ರತಿವರ್ಷದ ಕೂಟವಾಗಿಸಿ, ತಂಡಗಳ ಸಂಖ್ಯೆಯನ್ನು 16ರಿಂದ 24ಕ್ಕೆ ಏರಿಸಿ, 2025ರಿಂದ 2029ರವರೆಗಿನ ಐದೂ ವರ್ಷಗಳ ಆತಿಥ್ಯವನ್ನು ಫಿಫಾ ಮೊರಾಕ್ಕೊಗೆ ಕೊಟ್ಟಿತು. ಭುವನೇಶ್ವರಕ್ಕೆ ಅನನುಭವಿಯಾಗಿ ಬಂದಿದ್ದ ಅದೇ ಮೊರಾಕ್ಕೊ! 2025ರ ಪ್ರಶಸ್ತಿ ಉತ್ತರ ಕೊರಿಯಾದ ಪಾಲಾಯಿತು. ಒಮ್ಮೆ ಮಾತ್ರ ಬರುವ ಆರ್ಡರಿಗೆ ಅಚ್ಚು ಕೊರೆಸುವವನ ಪಾಡಿಗೂ ಐದು ಹಂಗಾಮಿಗೆ ಒಪ್ಪಂದವಿರುವವನ ನಿಶ್ಚಿಂತೆಗೂ ಅಂತರವೆಷ್ಟು ಎಂಬುದು ತಯಾರಕರಿಗೆ ತಿಳಿದ ವಿಷಯ. ಒಂದು ವರ್ಷ ಮುಂದೆ ಹೋದರೂ ಯಂತ್ರದ ಸವಕಳಿ ವ್ಯರ್ಥವಾಗದು. ವಯಸ್ಸು ಮೀರುವ ಬಾಲಕಿಯರಿಗೂ ಪ್ರತಿವರ್ಷ ಒಂದು ಬಾಗಿಲು ತೆರೆದಿರುತ್ತದೆ. 2003ರಲ್ಲಿ ಹುಟ್ಟಿದವರಿಗೆ ಆದ ಅನ್ಯಾಯ ಅಷ್ಟು ಸುಲಭವಾಗಿ ಮರುಕಳಿಸಲಾರದು.

ನಮ್ಮ ತಂಡದ ಖಾತೆಯಲ್ಲಿಯೂ ಜಮೆ ಕಾಣಿಸಿಕೊಂಡಿದೆ. 2025ರ ಅಕ್ಟೋಬರ್‌ನಲ್ಲಿ ಬಿಷ್ಕೆಕ್‌ನಲ್ಲಿ ಉಜ್ಬೇಕಿಸ್ತಾನವನ್ನು 2-1ರಿಂದ ಸೋಲಿಸಿದ ಭಾರತದ 17 ವರ್ಷದೊಳಗಿನ ಬಾಲಕಿಯರು 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಈ ಸಲ ಆತಿಥೇಯರೆಂಬ ರಿಯಾಯಿತಿ ಇರಲಿಲ್ಲ, ಗೆದ್ದೇ ಪಡೆದರು.

ಚೀಲ ತಯಾರಕರ ಕಡತವನ್ನು ನಾನು 2023ರಲ್ಲಿ ಮುಚ್ಚಿದೆ. ಅನಂತರ ಬೇರೊಂದು ಕ್ರೀಡಾಕೂಟಕ್ಕೆ ಅವರಿಗೆ ಆದೇಶ ಬಂದಾಗ ಸಹಿ ಹಾಕುವ ಮೊದಲೇ ಕಾಗದ ಹಿಡಿದು ನಮ್ಮ ಕಛೇರಿಗೆ ಬಂದರು. ಮುಂಗಡ ನೂರಕ್ಕೆ ನಲವತ್ತು ಎಂದು ಅವರೇ ತಿದ್ದಿಸಿದ್ದರು. ಕೂಟ ಮುಂದೆ ಹೋದರೆ ಅಥವಾ ರದ್ದಾದರೆ ಅಲ್ಲಿಯವರೆಗೆ ಸಿದ್ಧವಾದ ಮಾಲನ್ನು ಖರೀದಿದಾರರು ಹದಿನೈದು ದಿನದೊಳಗೆ ಎತ್ತಬೇಕು, ಎತ್ತದಿದ್ದರೆ ಸ್ವೀಕರಿಸಿದಂತೆಯೇ ಎಣಿಸತಕ್ಕದ್ದು ಎಂಬ ಸಾಲನ್ನು ಸೇರಿಸಲು ನಾನು ಸೂಚಿಸಿದೆ; ಎರಡು ದಿನ ಎಳೆದಾಡಿ ಎದುರು ಪಕ್ಷದವರು ಒಪ್ಪಿದರು. ದಿನಾಂಕದ ಮುದ್ರಣ ಮಾತ್ರ ಬೇಡವೆಂದು ಅವರು ಹಟ ಹಿಡಿದರು. ಚೀಲದ ಮೇಲೆ ಈ ಸಲ ಊರಿನ ಹೆಸರಿದೆ, ವರ್ಷವಿಲ್ಲ.